ಜಬೀ ಅಣ್ಣನ ಬೆನ್ನು

ಧನ್ಯಕುಮಾರ ತಂದ ಪೈಪು ಹಾಸನದ್ದಲ್ಲ.
ಎಲ್ಲಿಂದಲೋ ಪೆಟ್ಟಿಗೆಯಲ್ಲಿ ಬಂದದ್ದು,
ಪೆಟ್ಟಿಗೆಯ ಮೇಲೆ ಬರೆದಿತ್ತು: ಹದಿನೈದು ಕುದುರೆ ಹೆಚ್ಚು.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಪಾತ್ರೆ ಅಂಗಡಿ ಅವನದು.
ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು,
"ಸ್ಟೀಲೇನೋ ಒಳ್ಳೇದು ಕಣಮ್ಮ" ಅಂದ.
ಕುದುರೆಗಳ ಮಾತು ಆಡಲಿಲ್ಲ.

ನಾನು ಬಿಲ್ಲು ಬರೆಯುವವಳು.
ಗ್ಯಾರೇಜಿಗೆ ಬರುವ ಆಸೆಗಳಿಗೆಲ್ಲ
ಜಿಎಸ್‌ಟಿ ಹಾಕುವುದು ನನ್ನ ಕೆಲಸ.

ವೆಲ್ಡಿಂಗ್ ಜಬೀವುಲ್ಲಾ ಅವರದು.
ಪೆನ್ಷನ್ ಮೊಹಲ್ಲಾದವರು, ಪೆನ್ಷನ್ ಇಲ್ಲದವರು.
ಮೂವತ್ತೊಂದು ವರ್ಷ ಲಾರಿಗಳ ಕೆಳಗೆ ಮಲಗಿ
ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು
ಕೊಟ್ಟುಬಿಟ್ಟಿದ್ದಾರೆ.
ಸೈಲೆನ್ಸರ್ ಅಂದರೆ ಸುಮ್ಮನಾಗಿಸೋದು ಅಂತ
ಯಾರೋ ಅರ್ಥ ಬಿಡಿಸಿ ಹೇಳಿದಾಗ
"ನನ್ ಕಿವೀಲಿ ಸರಿಯಾಗಿ ಕೆಲ್ಸ ಮಾಡೈತೆ" ಅಂದು ನಕ್ಕಿದ್ದರು.

ಹಳೇ ಡಬ್ಬ ಬಿಚ್ಚುವ ಮೊದಲೇ ಅವರದೊಂದು ಮಾತು: ಅಳೀಬೇಕು.
ಡೈನೋ ಎಲ್ಲಿ ತರೋಣ?
ಬೆಳಗಿನ ಐದು ಗಂಟೆ, ಶಾಂತಿಗ್ರಾಮದ ಕಡೆ ನೇರ ರಸ್ತೆ,
ಮೂರನೇ ಗೇರು, ನಲವತ್ತರಿಂದ ಎಂಬತ್ತು,
ನನ್ನ ಹೆಬ್ಬೆರಳು, ಫೋನಿನ ಗಡಿಯಾರ.
ಆರು ಸೆಕೆಂಡು ಎರಡು. ಆರು ಮೂರು. ಆರು ಎರಡು.

ಪೈಪು ಕೂತಿತು.
ಸ್ಟಾರ್ಟ್ ಮಾಡಿದ್ದೇ ಪಂಕ್ಚರ್ ಅಂಗಡಿಯ ನಾಯಿ
ಎದ್ದು, ಮೈ ಮುರಿದು, ಜಾಗ ಬದಲಿಸಿತು.
ಮತ್ತದೇ ರಸ್ತೆ. ಧನ್ಯಕುಮಾರನ ಮುಖದಲ್ಲಿ
ಹದಿನೈದೂ ಕುದುರೆ ಕೆನೆಯುತ್ತಿದ್ದವು.
"ಎಳೀತು ನೋಡಿದ್ರಾ! ನೋಡಿದ್ರಾ!"
ನನಗೂ ಎಳೆಯಿತು, ಸುಳ್ಳೇಕೆ,
ಹೊಟ್ಟೆಯೊಳಗೆ ಏನೋ ಹಿಂದಕ್ಕೆ ಜಾರಿತು.
ಹೆಬ್ಬೆರಳ ಕೆಳಗೆ ನೋಡಿದರೆ
ಆರು ಎರಡು.

ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದ ಜಬೀ ಅಣ್ಣ
"ಅದೇ ಗಾಡಿ" ಅಂದರು.

ಟರ್ಬೊ ಅಂದರೇನು ಅಂತ ನನಗೆ ತಿಳಿಸಿದವರೇ ಅವರು,
ಟೀ ಲೋಟದ ಮೇಲೆ ಊದಿ ಊದಿ:
ಇಂಜಿನ್ನು ಬಿಟ್ಟ ಉಸಿರೇ ಒಂದು ಗಾಲಿ ತಿರುಗಿಸುತ್ತೆ,
ಆ ಗಾಲಿ ಹೊಸ ಉಸಿರನ್ನು ಒಳಕ್ಕೆ ತುರುಕುತ್ತೆ.
ನಿಟ್ಟುಸಿರನ್ನೂ ದುಡಿಸಿಕೊಳ್ಳುವ ಯಂತ್ರ.
ಗಾಲಿ ದಾಟಿದ ಗಾಳಿಗೆ ದಾರಿ ಸಲೀಸಾಗಬೇಕು, ನಿಜ.
ಆದರೆ ಇಕ್ಕಟ್ಟಿರುವುದು ಗಾಲಿಯ ಬೆನ್ನಿಗೇ, ಗೇಣು ದೂರದಲ್ಲಿ;
ಪೆಟ್ಟಿಗೆಯಲ್ಲಿ ಬಂದದ್ದು ಬಾಲ.
"ಬಾಗ್ಲಲ್ಲಿ ಜನ ಸಿಕ್ಕಾಕಂಡವ್ರೆ,
ನೀವು ಕಾಂಪೌಂಡ್ ಗೇಟು ದೊಡ್ಡದು ಮಾಡ್ಸಿದೀರ."

ಸಾಲದ್ದಕ್ಕೆ ಚಿಪ್ಪಿನೊಳಗೊಬ್ಬ ಗುಮಾಸ್ತ,
ಇಷ್ಟೇ ಗಾಳಿ ಎಂದು ಕಂಪನಿ ಬರೆದ ಚೀಟಿ ಹಿಡಿದು ಕೂತಿದ್ದಾನೆ.
ದಾರಿ ಎಷ್ಟು ಬಿಟ್ಟರೂ ಚೀಟಿ ಮೀರುವುದಿಲ್ಲ.
ಅವನ ಮೇಲೆ ನನಗೆ ಒಳಗೊಳಗೇ ಗೌರವ.

"ಕಿವಿ ಕೇಳದೋರಿಗೆ ಏನ್ ಗೊತ್ತಾಗುತ್ತೆ"
ಎಂದ ಧನ್ಯಕುಮಾರ, ನನ್ನ ಕಡೆ ತಿರುಗಿ,
ತೀರ ಮೆಲ್ಲಗೆ.
ಜಬೀ ಅಣ್ಣನಿಗೆ ತುಟಿ ಓದಲು ಬರುತ್ತದೆ.
"ಬೆನ್ನಿಗೆ ಕಿವಿ ಇಲ್ಲ ಸ್ವಾಮಿ" ಎಂದರು, ಅಷ್ಟೆ.

ಆಮೇಲೆ ಲೆಕ್ಕ ಹೇಳಿದೆವು. ಗಾಲಿಯ ಬೆನ್ನಿನ ಪೈಪು ಕತ್ತರಿಸಿ
ಅಗಲ ಮಾಡಿ, ಗುಮಾಸ್ತನಿಗೆ ಹೊಸ ಚೀಟಿ ಬರೆಸಿದರೆ
ಕುದುರೆ ಬರುತ್ತವೆ, ನಿಜವಾದವು.
ಇಷ್ಟು ಖರ್ಚು. ಕ್ಲಚ್ಚು ಹೇಳಿದ ಮಾತು ಕೇಳುವ ಖಾತ್ರಿಯಿಲ್ಲ.
ವಾರಂಟಿ ಹೋಗುತ್ತೆ, ಹೊಗೆ ತಪಾಸಣೆಯವನು ಒಪ್ಪುವುದಿಲ್ಲ.
ಕೊಳ್ಳದ ಗಿರಾಕಿ ಕುಕ್ಕರನ್ನು ತಿರುಗಿಸಿ ನೋಡುತ್ತಾನಲ್ಲ,
ಹಾಗೆ ಆ ಲೆಕ್ಕವನ್ನು ತಿರುಗಿಸಿ ನೋಡಿ
"ಇರ್ಲಿ ಬುಡಿ" ಎಂದ. ಪೈಪು ಮಾತ್ರ ಬಿಚ್ಚಬೇಡಿ ಎಂದ.

ಜೋಡಣೆ, ಎರಡು ಸಾವಿರದ ನಾನೂರು. ಬರೆದೆ.

ಗಾಡಿ ಇನ್ನೂ ಗುಡುಗುಡು ಅನ್ನುತ್ತಿತ್ತು.
ಜಬೀ ಅಣ್ಣ ಕುಕ್ಕರಗಾಲಲ್ಲಿ ಕೂತು
ಪೈಪಿನ ಬಾಯಿಗೆ ತುಸು ದೂರದಲ್ಲಿ ಅಂಗೈ ಹಿಡಿದು ಕೇಳಿದರು,
"ಹೆಂಗೈತೆ ಸದ್ದು?"
ಚೆನ್ನಾಗಿದೆ ಅಂದೆ. ಅವರು ಕಾದರು.
ಹೇಳಲು ಹುಡುಕಿದೆ:
ಎಪಿಎಂಸಿಯಲ್ಲಿ ಆಲೂಗಡ್ಡೆ ಮೂಟೆ
ತಗಡಿನ ಮೇಲೆ ಸುರೀತಾರಲ್ಲ, ಹಂಗೆ,
ಆದ್ರೆ ಮೂಟೆ ಮುಗಿಯೋದೇ ಇಲ್ಲ.

"ಓ," ಎಂದರು. "ಹಂಗಾದ್ರೆ ಕೊಡ್ಬೋದು ದುಡ್ಡು."

ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದ ಧನ್ಯಕುಮಾರ
ಇನ್ನೊಮ್ಮೆ ಒತ್ತಿದ, ಉದ್ದಕ್ಕೆ,
ಆ ಅಂಗೈಗಾಗಿ.
ನಾಯಿ ಮತ್ತೆ ಎದ್ದಿತು.